ಮಡಕೆಯಿಂದ ನಾದ ಹೊರಡಿಸಿದ ಮಹಿಳೆಯರು

ಮಕ್ಕಳೇ, ಹಿಂದೆ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಏನು ಮಾಡುತ್ತಿದ್ದಿರಿ ಎಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದೆವು, 'ಠಣ್' ಎಂದರೆ ಗಟ್ಟಿ ಮಡಕೆ, ಸದ್ದು ಒಡಕಾಗಿದ್ದರೆ ಎಲ್ಲೋ ಬಿರುಕು ಬಿಟ್ಟಿದೆ ಎಂದೇ ಲೆಕ್ಕ ಎನ್ನುತ್ತಾರೆ. ಮಡಕೆಯ ನಾದ ಗುರುತಿಸುವ ಕಿವಿ ನಮ್ಮ ಹೆಂಗಸರಿಗೆ ಮೊದಲಿನಿಂದಲೂ ಇತ್ತು. ಆದರೆ ಅದೇ ಮಡಕೆ 'ಘಟ' ಎಂಬ ಹೆಸರಿನಲ್ಲಿ ಸಂಗೀತ ಕಛೇರಿಯ ವೇದಿಕೆ ಏರಿದಾಗ ಅದನ್ನು ನುಡಿಸುತ್ತಿದ್ದವರು ಗಂಡಸರು. ನಮ್ಮ ದಂಡಿನ ಮಾರಮ್ಮನ ಜಾತ್ರೆಯಲ್ಲೂ ನೋಡಿ: ಆರತಿ ಹೊರುವವರು ಹೆಂಗಸರು, ತಮಟೆ ಬಾರಿಸುವವರು ಗಂಡಸರು. ಹಾಡು, ವೀಣೆ ಹೆಣ್ಣಿಗೆ. ತಾಳವಾದ್ಯ ಗಂಡಿಗೆ ಎಂಬ ವಾಡಿಕೆ ಬೆಳೆದುಬಂದಿತ್ತು.

ಆ ವಾಡಿಕೆಯನ್ನು ಮುರಿದವರಲ್ಲಿ ಮುಖ್ಯರು ಬೆಂಗಳೂರಿನ ಸುಕನ್ಯಾ ರಾಮಗೋಪಾಲ್. ಹುಟ್ಟಿದ್ದು ತಮಿಳುನಾಡಿನಲ್ಲಿ. ಚಿಕ್ಕಂದಿನಲ್ಲಿ ಚೆನ್ನೈನ ಜಯಗಣೇಶ ತಾಳವಾದ್ಯ ವಿದ್ಯಾಲಯಕ್ಕೆ ಪಿಟೀಲು ಕಲಿಯಲೆಂದು ಹೋದರು. ಅಲ್ಲಿ ಮೃದಂಗದ ಸದ್ದು ಕೇಳಿ ಮನಸ್ಸು ಅತ್ತ ವಾಲಿತು. ಗುರು ಹರಿಹರ ಶರ್ಮ ಸಂತೋಷದಿಂದ ಮೃದಂಗ ಕಲಿಸಿದರು. ಮುಂದೆ ಘಟದ ಮೇಲೆ ಆಸೆಯಾಯಿತು. ಶರ್ಮರ ಮಗ, ಜಗತ್ಪ್ರಸಿದ್ಧ ಘಟ ವಿದ್ವಾಂಸ ವಿಕ್ಕು ವಿನಾಯಕರಾಂ ಅವರಿಗೆ ಮಾತ್ರ ಹುಡುಗಿಯ ಬೆರಳು ಈ ಗಟ್ಟಿ ಮಣ್ಣಿಗೆ ತಾಳೀತೇ ಎಂಬ ಸಂದೇಹ. ಶರ್ಮರು, ನಾನೇ ಕಲಿಸುತ್ತೇನೆ ಎಂದು ಮುಂದೆ ಬಂದರು. ಮಗ ವಿದೇಶಕ್ಕೆ ಹೋಗಿದ್ದ ಕಾಲದಲ್ಲಿ ಪಾಠ ನಡೆಯಿತು. ಹಿಂದಿರುಗಿ ಬಂದು ಕೇಳಿದ ವಿನಾಯಕರಾಂ ಬೆರಗಾದರು, ತಾವೂ ಗುರುವಾದರು.

ಘಟ ಎಂದರೆ ನೀರಿನ ಮಡಕೆಯಲ್ಲ. ತಮಿಳುನಾಡಿನ ಮಾನಾಮದುರೈ ಘಟಕ್ಕೆ ಹೆಸರುವಾಸಿ. ಅಲ್ಲಿನ ಘಟ ದಪ್ಪ, ಭಾರ, ಕಲ್ಲಿನಷ್ಟು ಗಟ್ಟಿ. ಮೃದಂಗದಂತೆ ಚರ್ಮದ ಮುಚ್ಚಳವಿಲ್ಲ, ಹಗ್ಗ ಬಿಗಿದು ಶ್ರುತಿ ಏರಿಸುವಂತೆಯೂ ಇಲ್ಲ. ಒಂದು ಘಟಕ್ಕೆ ಒಂದೇ ಶ್ರುತಿ. ಬಾಯನ್ನು ಹೊಟ್ಟೆಗೆ ಆನಿಸಿಕೊಂಡು ಬೆರಳು, ಅಂಗೈ, ಮಣಿಕಟ್ಟು, ಉಗುರು ಎಲ್ಲದರಿಂದಲೂ ನುಡಿಸಬೇಕು. ಇನ್ನೊಂದು ಸ್ವಾರಸ್ಯ: ಇಂಥ ಘಟ ಮಾಡುವುದರಲ್ಲೇ ಹೆಸರಾದ ಮಾನಾಮದುರೈನ ಮೀನಾಕ್ಷಿ ಅವರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿದೆ.

ಮದುವೆಯಾಗಿ ಬೆಂಗಳೂರಿಗೆ ಬಂದ ಸುಕನ್ಯಾ ಅವರಿಗೆ ವಿದ್ಯೆ ಇದ್ದರೂ ವೇದಿಕೆ ಸುಲಭವಾಗಿ ದಕ್ಕಲಿಲ್ಲ. ಹೆಣ್ಣು ಪಕ್ಕದಲ್ಲಿ ಘಟ ಹಿಡಿದು ಕೂತರೆ ತಾವು ನುಡಿಸುವುದಿಲ್ಲ ಎಂದ ವಾದಕರಿದ್ದರು. ಜಗಳಕ್ಕೆ ನಿಲ್ಲುವ ಬದಲು ಅವರು 1995ರಲ್ಲಿ 'ಸ್ತ್ರೀ ತಾಳ ತರಂಗ' ಎಂಬ ಮಹಿಳೆಯರದೇ ತಂಡ ಕಟ್ಟಿದರು. ಘಟ, ಮೃದಂಗ, ಮೋರ್ಸಿಂಗ್ ಇಲ್ಲಿ ಒಟ್ಟಿಗೆ ನುಡಿಯುತ್ತವೆ. ಮೋರ್ಸಿಂಗ್ ನುಡಿಸುವ ಭಾಗ್ಯಲಕ್ಷ್ಮಿ ಕೃಷ್ಣ ಅವರೂ ಈ ತಂಡದಲ್ಲಿ ನುಡಿಸಿದ್ದಾರೆ. ಅವರ ತಂದೆ ಭೀಮಾಚಾರ್ ಅದೇ ವಾದ್ಯದ ವಿದ್ವಾಂಸರು.

ಹೆಣ್ಣುಮಕ್ಕಳು ಒಟ್ಟಿಗೆ ಕೂತರು ಎಂಬಷ್ಟಕ್ಕೇ ಕಷ್ಟ ಮುಗಿಯಲಿಲ್ಲ. ಪಕ್ಕವಾದ್ಯದವರಿಗೆ ಹಾಡುಗಾರರ ಹಿಂದೆ ಹೋಗುವುದು ರೂಢಿ. ಹಾಡು ಮುಂದೆ, ತಾಳ ಹಿಂದೆ. ಇಲ್ಲಿ ತಾಳವೇ ಮುಂದೆ. ಯಾರನ್ನೂ ನೆಚ್ಚುವಂತಿಲ್ಲ, ಒಬ್ಬರು ಲೆಕ್ಕ ತಪ್ಪಿದರೆ ಎಲ್ಲರೂ ತಪ್ಪಿದಂತೆ. ಒಬ್ಬೊಬ್ಬರು ತಮ್ಮ ಸರದಿಯಲ್ಲಿ ನುಡಿಸಿ, ಕೊನೆಗೆ ಎಲ್ಲರೂ ಒಂದೇ ಅಕ್ಷರಕ್ಕೆ ಬಂದು ಸೇರಬೇಕು. ಇಷ್ಟೇ ಸಾಲದೆಂಬಂತೆ ಸುಕನ್ಯಾ ಅವರು 'ಘಟ ತರಂಗ'ವನ್ನೂ ರೂಢಿಸಿಕೊಂಡರು. ಬೇರೆ ಬೇರೆ ಶ್ರುತಿಯ ಆರೇಳು ಘಟಗಳನ್ನು ಸುತ್ತ ಇಟ್ಟುಕೊಂಡು ಸ್ವರಗಳನ್ನೇ ನುಡಿಸುವ ವಿದ್ಯೆ ಅದು. ಅವರಿಗೆ 2014ರ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸಂದಿತು.

ಇದಕ್ಕೆ ನಮ್ಮವರೇ ಹಾಕಿಕೊಟ್ಟ ಹಳೆಯ ಮೇಲ್ಪಂಕ್ತಿಯೊಂದಿದೆ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಮ್ಮ ಸಂಪಾದನೆಯ ಹಣದಿಂದ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಆದರೂ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆಕೆ ಗಾಯಕಿಯರನ್ನೇ ಕೂಡಿಸಿ, ಸಮಾಧಿಯ ಹಿಂಬದಿಯಲ್ಲಿ ಬೇರೆ ಆರಾಧನೆ ನಡೆಸಿದರು. 1940ರ ದಶಕದ ಆರಂಭದಲ್ಲಿ ಪಂಗಡಗಳು ಒಂದಾದವು. ಹೆಂಗಸರಿಗೂ ಅಲ್ಲಿ ಸ್ಥಾನ ಸಿಕ್ಕಿತು.

ಈಗ ನಿಮಗೊಂದು ಕೆಲಸ. ಅಜ್ಜಿ ಅಥವಾ ತಾತನ ಎದುರು ಕೂತು ಆದಿತಾಳ ಹಾಕಿ. ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಶುರುಮಾಡಿ ಮೂರು ಬೆರಳು ಎಣಿಕೆ. ಆಮೇಲೆ ಒಂದು ಪೆಟ್ಟು, ಅಂಗೈ ಮೇಲೆ ಮಾಡಿ ಒಂದು ಬೀಸು. ಮತ್ತೆ ಹಾಗೆಯೇ ಪೆಟ್ಟು, ಬೀಸು. ಒಟ್ಟು ಎಂಟು. ಬಾಯಲ್ಲಿ 'ತಕಧಿಮಿ ತಕಧಿಮಿ' ಅನ್ನುತ್ತ ಹತ್ತು ಸುತ್ತು ಜೊತೆಯಾಗಿ ಹೋಗಿ. ನಾಲ್ಕನೆಯ ಸುತ್ತಿಗೇ ಯಾರೋ ಒಬ್ಬರು ಓಡಿಬಿಡುತ್ತಾರೆ. ಆಗ ನಕ್ಕು, ಮತ್ತೆ ಮೊದಲಿನಿಂದ ಹಿಡಿಯಿರಿ. ಶಾಲೆಯ ವಾರ್ಷಿಕೋತ್ಸವಕ್ಕೆ ತಬಲವೋ ಡೋಲೋ ತಂದಾಗ, ನುಡಿಸಬೇಕೆಂಬ ಆಸೆಯಿರುವ ಹುಡುಗಿ ಹಿಂದೆ ನಿಂತಿದ್ದಾಳೆಯೇ ಎಂದು ಒಮ್ಮೆ ತಿರುಗಿ ನೋಡಿ. ಇದ್ದರೆ ಅವಳಿಗೂ ಜಾಗ ಬಿಡಿ.