ಬಾಯಿಲ್ಲದ ಹೀರೋ, ಚಂದ್ರನ ಮೇಲೆ ಪಿಕ್‌ನಿಕ್!

ಡೈಲಾಗೇ ಇಲ್ಲದ ಹೀರೋನನ್ನು ನೀವು ಒಪ್ಪುತ್ತೀರಾ?

"ಎಲ್ಲಾದರೂ ಉಂಟೇ ಸ್ವಾಮಿ!" ಎಂದು ಗದರಬೇಡಿ. ಹೀರೋ ಎಂಟ್ರಿ ಕೊಟ್ಟು ಒಂದು ಖಡಕ್ ಮಾತು ಒಗೆಯದಿದ್ದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ ಏಳುವುದಿಲ್ಲ, ನನಗೂ ಗೊತ್ತು. ಆ ಶಿಳ್ಳೆ ಹೊಡೆದೂ ಹೊಡೆದೂ ತಾನೇ ನನ್ನ ಪಿಯುಸಿ ಅರ್ಧಕ್ಕೆ ನಿಂತದ್ದು! ಆದರೆ ಮಾತಿಲ್ಲದೆಯೂ ಗೆಲ್ಲಬಹುದು ಅಂತ ನಮ್ಮ ಬೆಂಗಳೂರಿನಲ್ಲೇ ಚಿತ್ರೀಕರಣಗೊಂಡ 'ಪುಷ್ಪಕ ವಿಮಾನ' 1987ರಲ್ಲೇ ತೋರಿಸಿಕೊಟ್ಟಿತ್ತು. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್, ನಾಯಕ ಕಮಲಹಾಸನ್, ನಿರ್ಮಾಣದಲ್ಲಿ ನಮ್ಮ ಶೃಂಗಾರ್ ನಾಗರಾಜ್. ಮರೆಯುವಂಥ ಚಿತ್ರವೇ ಅದು?

ಈ ವಾರ ನಾನು ಹೇಳಹೊರಟಿರುವ ಹೀರೋ ಅದಕ್ಕೂ ಒಂದು ಕೈ ಮೇಲು. ಇವನಿಗೆ ಡೈಲಾಗ್ ಇಲ್ಲ ಅನ್ನುವುದಿರಲಿ, ಬಾಯೇ ಇಲ್ಲ! ಮೈ ಪೂರಾ ಜೇಡಿಮಣ್ಣಿನಂಥ ಪ್ಲಾಸ್ಟಿಸೀನ್. ಜಾತಿಯಲ್ಲಿ ನಾಯಿ. ಹೆಸರು ಗ್ರಾಮಿಟ್.

ಚಿತ್ರ 'ಎ ಗ್ರ್ಯಾಂಡ್ ಡೇ ಔಟ್'. ಅವಧಿ ಸುಮಾರು 23 ನಿಮಿಷ. ಬ್ರಿಟನ್ನಿನ ಚಾನೆಲ್ 4 ಟೆಲಿವಿಷನ್ನಿನಲ್ಲಿ ಮೊದಲು ಬಂದದ್ದು 1990ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ.

ಚೀಸಿಗಾಗಿ ಚಂದ್ರಯಾನ!

ಕಥೆ ಕೇಳಿದರೆ ನಗುತ್ತೀರಿ. ವ್ಯಾಲೇಸ್ ಎಂಬ ಬೊಕ್ಕತಲೆಯ ಮಹಾಶಯ, ಅವನ ನಾಯಿ ಗ್ರಾಮಿಟ್. ರಜೆಯ ದಿನ, ಮನೆಯಲ್ಲಿ ಬಿಸ್ಕತ್ತಿದೆ, ಚೀಸ್ ಖಾಲಿ. ನಮ್ಮಲ್ಲಿ ಅಜ್ಜಿ ಚಂದ್ರನಲ್ಲಿ ಮೊಲ ತೋರಿಸಿದರೆ, ಅವರ ಕಡೆ ಅಜ್ಜಿಯರ ಮಾತಿನಲ್ಲಿ ಚಂದ್ರ ಅಂದರೆ ಚೀಸಿನ ಮುದ್ದೆ. ಸರಿ, ಇಬ್ಬರೂ ಮನೆಯ ನೆಲಮಾಳಿಗೆಯಲ್ಲೇ ರಾಕೆಟ್ ಕಟ್ಟಿ, ಕಿತ್ತಳೆ ಬಣ್ಣ ಬಳಿದು, ಹೊರಟೇಬಿಡುತ್ತಾರೆ!

ಬತ್ತಿ ಉರಿಯುತ್ತಿದೆ, ಲೆಕ್ಕ ಇಳಿಯುತ್ತಿದೆ... ಆಗ ವ್ಯಾಲೇಸ್‌ಗೆ ನೆನಪಾಗುತ್ತದೆ, ಬಿಸ್ಕತ್ತು ಮೇಲೇ ಉಳಿಯಿತು! ಎದ್ದೆನೋ ಬಿದ್ದೆನೋ ಎಂದು ಓಡುತ್ತಾನೆ. ನೆಲಮಾಳಿಗೆಯ ಇಲಿಗಳು ಕಪ್ಪು ಕನ್ನಡಕ ಹಾಕಿಕೊಂಡು, ನಮ್ಮ ಜನ ಜಾತ್ರೆಯಲ್ಲಿ ತೇರು ನೋಡುವ ಹಾಗೆ, ಸಾಲಾಗಿ ನಿಂತು ನೋಡುತ್ತವೆ. ನಾನು ಬಿದ್ದು ಬಿದ್ದು ನಕ್ಕದ್ದು ಅಲ್ಲೇ!

ಚಂದ್ರನ ಮೇಲೆ ಇವರಿಗೆ ಹೆಲ್ಮೆಟ್ಟೂ ಬೇಡ, ಗಾಳಿಯ ಸಿಲಿಂಡರೂ ಬೇಡ. ಕಂಬಳಿ ಹಾಸಿ ಪಿಕ್‌ನಿಕ್! ಅಲ್ಲೊಂದು ಹಳೇ ಸ್ಟೌವಿನಂಥ ಯಂತ್ರ. ಕಾಸು ಹಾಕಿದರೆ ಜೀವ ಬರುತ್ತದೆ, ಕಾಸಿನ ಅವಧಿ ಮುಗಿದರೆ ನಿಂತ ಕಡೆಯೇ ನಿಲ್ಲುತ್ತದೆ. ಇವರು ಚೀಸ್ ಕೊಯ್ದು ಹಾಳುಮಾಡಿದ್ದು ಕಂಡು ಅದಕ್ಕೆ ಸಿಟ್ಟು. ರಾಕೆಟ್ಟಿಗೇ ಪಾರ್ಕಿಂಗ್ ಚೀಟಿ ಅಂಟಿಸುತ್ತದೆ! ಆದರೆ ಒಂದು ಪತ್ರಿಕೆಯಲ್ಲಿ ಹಿಮದ ಮೇಲೆ ಜಾರುವವರ ಚಿತ್ರ ನೋಡಿ ಆ ಯಂತ್ರಕ್ಕೂ ಒಂದು ಕನಸು ಹುಟ್ಟುತ್ತದೆ, ಭೂಮಿಗೆ ಹೋಗಿ ತಾನೂ ಹಾಗೆ ಜಾರಬೇಕು ಅಂತ. ರಾಕೆಟ್ ಅದನ್ನು ಬಿಟ್ಟೇ ಹೊರಡುತ್ತದೆ. ಪಾಪ ಅನ್ನುವಷ್ಟರಲ್ಲಿ, ಕಿತ್ತು ಬಂದ ರಾಕೆಟ್ಟಿನ ತಗಡನ್ನೇ ಕಾಲಿಗೆ ಕಟ್ಟಿಕೊಂಡು ಚಂದ್ರನ ದಿಣ್ಣೆಗಳ ಮೇಲೇ ಜಾರತೊಡಗುತ್ತದೆ. ಕೈ ಬೀಸಿ ಟಾಟಾ ಬೇರೆ! ವಿಲನ್ ಅಂದುಕೊಂಡವನ ಮೇಲೆ ಹೀಗೆ ಮನಸ್ಸು ಕರಗಿಸೋದು ಸುಲಭದ ಮಾತಲ್ಲ, ಏನಂತೀರಿ?

ಹುಬ್ಬೇ ಅಭಿನಯ!

ಇದರ ಸೃಷ್ಟಿಕರ್ತ ನಿಕ್ ಪಾರ್ಕ್. ಹುಟ್ಟಿದ್ದು 1958ರಲ್ಲಿ, ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ. 1982ರಲ್ಲಿ ಬೀಕನ್ಸ್‌ಫೀಲ್ಡ್‌ನ ಫಿಲ್ಮ್ ಶಾಲೆಯಲ್ಲಿ ಓದುತ್ತಿದ್ದಾಗ ಪರೀಕ್ಷೆಯ ಪ್ರಾಜೆಕ್ಟ್ ಅಂತ ಶುರು ಮಾಡಿದ ಚಿತ್ರ ಇದು. ಗ್ರಾಮಿಟ್ ಮೊದಲು ಬೆಕ್ಕಾಗಬೇಕಿತ್ತಂತೆ. ಮಣ್ಣಿನಲ್ಲಿ ನಾಯಿ ಮಾಡೋದು ಸಲೀಸು ಅಂತ ನಾಯಿಯಾಯಿತು. ಅದಕ್ಕೆ ದನಿ ಕೊಡಿಸುವ ಯೋಚನೆಯೂ ಇತ್ತು. ಆದರೆ ವ್ಯಾಲೇಸ್ ಒಂದು ಬಾಗಿಲನ್ನು ನಾಯಿಯ ಬೆನ್ನಿನ ಮೇಲಿಟ್ಟು ಗರಗಸ ಎಳೆಯುವ ದೃಶ್ಯ ತೆಗೆಯುವಾಗ ಪಾರ್ಕ್‌ಗೆ ಹೊಳೆಯಿತು: ಹುಬ್ಬನ್ನು ಒಂಚೂರು ಒತ್ತಿದರೆ ಸಾಕು, "ನನ್ನ ಕರ್ಮ!" ಅಂತ ನಾಯಿ ಹೇಳಿದ ಹಾಗೇ ಆಗುತ್ತದೆ. ಅಲ್ಲಿಗೆ ಡೈಲಾಗ್ ಕಟ್!

ವ್ಯಾಲೇಸ್‌ಗೆ ದನಿ ಕೊಟ್ಟವರು ಹಿರಿಯ ನಟ ಪೀಟರ್ ಸ್ಯಾಲಿಸ್. ವಿದ್ಯಾರ್ಥಿಯ ಪತ್ರ ನೋಡಿ ಒಪ್ಪಿದರು. ಸಂಭಾವನೆ, ಅವರು ಹೇಳಿದ ಧರ್ಮಕಾರ್ಯಕ್ಕೆ 50 ಪೌಂಡ್ ದಾನ. ಆರು ವರ್ಷವಾದ ಮೇಲೆ "ಸಾರ್, ಪಿಕ್ಚರ್ ಮುಗೀತು" ಎಂಬ ಸುದ್ದಿ ಬಂದಾಗ ಸ್ಯಾಲಿಸ್ ಬೆರಗಾದರಂತೆ!

ನನ್ನ ಹದಿನಾರು ಸೆಕೆಂಡು

ಆರು ವರ್ಷ ಯಾಕೆ ಬೇಕಾಯಿತು? ನಾನೇ ಮಾಡಿ ನೋಡಿದೆ. ಅಕ್ಕನ ಮಗನ ಆಟದ ಮಣ್ಣು ತಂದು ಒಂದು ನಾಯಿ ಮಾಡಿ, ಊಟದ ಟೇಬಲ್ಲಿನ ಮೇಲಿಟ್ಟು, ಮೊಬೈಲಿನಲ್ಲಿ ಒಂದೊಂದೇ ಫೋಟೋ. ಒಂದು ಕ್ಲಿಕ್, ಕಾಲು ಒಂದು ಕೂದಲೆಳೆ ಮುಂದಕ್ಕೆ. ಮತ್ತೆ ಕ್ಲಿಕ್. ಮಧ್ಯಾಹ್ನದಿಂದ ಸಂಜೆಯವರೆಗೆ 192 ಫೋಟೋ. ಸೆಕೆಂಡಿಗೆ 12ರಂತೆ ಓಡಿಸಿದರೆ ಬಂದದ್ದು 16 ಸೆಕೆಂಡು! ಅದೂ ಕಿಟಕಿಯ ಬಿಸಿಲು ಸರಿಯುತ್ತಾ ಹೋಗಿ ಚಿತ್ರವೆಲ್ಲ ಮಿಣಮಿಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. 23 ನಿಮಿಷಕ್ಕೆ 33 ಸಾವಿರ ದಾಟುತ್ತದೆ. ಎದೆ ಝಲ್ ಎಂದಿತು.

ಅಪ್ಪ ಬಂದು ನೋಡಿದರು. "ಇದನ್ನೂ ಅರ್ಧಕ್ಕೆ ಬಿಡ್ತೀಯಾ?" ಅಂದರು. ತಮಾಷೆಗೇ ಅಂದಿರಬಹುದು. ಆದರೆ ಚುಚ್ಚಿತು. ಮೂರು ವರ್ಷದ ಹಿಂದೆ ನಾನೂ ಒಬ್ಬ ಗೆಳೆಯನೂ ಸೇರಿ ಹತ್ತು ನಿಮಿಷದ ಕಿರುಚಿತ್ರವೊಂದನ್ನು ಶುರು ಮಾಡಿದ್ದೆವು. ನಾಲ್ಕು ನಿಮಿಷ ಆಗಿದೆ. ದುಡ್ಡು ಮುಗಿಯಿತು. ಅವನು ಆಟೋ ಹತ್ತಿದ, ನಾನು ಈ ಪೆನ್ನು ಹಿಡಿದೆ. ಆ ನಾಲ್ಕು ನಿಮಿಷ ಪೆಟ್ಟಿಗೆಯಲ್ಲಿ ಮಲಗಿದೆ.

ಹಠ ಒಂದೇ ಸಾಲದು

ಪಾರ್ಕ್ ಕಥೆಯನ್ನು "ಹಠವಿದ್ದರೆ ಗೆಲುವು" ಅಂತ ಹೇಳಿ ಮುಗಿಸುವವರಿದ್ದಾರೆ. ಅದು ಅರ್ಧ ಸತ್ಯ ಕಣ್ರೀ! ಅವರ ಚಿತ್ರವೂ ನಿಂತೇ ಹೋಗುವಂತಿತ್ತು. 1985ರಲ್ಲಿ ಬ್ರಿಸ್ಟಲ್ ನಗರದ ಆರ್ಡ್‌ಮನ್ ಸ್ಟುಡಿಯೋದ ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ ಕೆಲಸ ಕೊಟ್ಟರು. ನಮ್ಮ ಕೆಲಸ ಮಾಡು, ನಿನ್ನ ಚಿತ್ರವನ್ನೂ ಇಲ್ಲೇ ಮುಗಿಸು ಅಂತ. ಹೊಟ್ಟೆಪಾಡಿನ ಆ ಕೆಲಸವೂ ಸಾಮಾನ್ಯದ್ದಲ್ಲ. ಪೀಟರ್ ಗೇಬ್ರಿಯಲ್‌ನ 'ಸ್ಲೆಡ್ಜ್‌ಹ್ಯಾಮರ್' ಹಾಡಿನ 1986ರ ವಿಡಿಯೋದಲ್ಲಿ ಕುಣಿಯುವ ಕೋಳಿಗಳಿವೆಯಲ್ಲ, ಅವನ್ನು ಕುಣಿಸಿದ್ದು ಇದೇ ಪಾರ್ಕ್! ಹಗಲಿಗೊಂದು ಸಂಬಳ, ಬೆನ್ನಿಗೊಂದು ಕೈ. 1989ಕ್ಕೆ ಚಿತ್ರ ಮುಗಿಯಿತು.

ಆಮೇಲೆ? 1991ರ ಆಸ್ಕರ್‌ಗೆ ಈ ಚಿತ್ರ ನಾಮಕರಣವಾಗಿ ಸೋತಿತು. ಗೆದ್ದವರು ಯಾರು ಗೊತ್ತೆ? ಅದೇ ನಿಕ್ ಪಾರ್ಕ್! ಮೃಗಾಲಯದ ಪ್ರಾಣಿಗಳು ಮಾತಾಡುವ ಅವರದೇ 'ಕ್ರಿಯೇಚರ್ ಕಂಫರ್ಟ್ಸ್'. ಒಂದೇ ಹೀರೋನ ಎರಡು ಪಿಕ್ಚರ್ ಒಂದೇ ಶುಕ್ರವಾರ ಬಿಡುಗಡೆಯಾಗಿ ಪೈಪೋಟಿಗಿಳಿದ ಹಾಗೆ! ಸ್ಯಾಲಿಸ್ 2017ರಲ್ಲಿ ತೀರಿಕೊಂಡರು. ಗ್ರಾಮಿಟ್ ಮಾತ್ರ 2024ರ ಕ್ರಿಸ್‌ಮಸ್‌ಗೂ ಹೊಸ ಚಿತ್ರದಲ್ಲಿ ಬಂದ, ಅದೇ ಹುಬ್ಬು, ಅದೇ ಮೌನ.

ಪಿಕ್ಚರ್ ನೋಡಿದ ರಾತ್ರಿಯೇ ಗೆಳೆಯನಿಗೆ ಫೋನ್ ಮಾಡಿದೆ. "ಉಳಿದ ಆರು ನಿಮಿಷ ಮುಗಿಸೋಣ್ವಾ? ನೀನು ಆಟೋ ಬಿಡಬೇಡ, ನಾನು ಬರೆಯೋದು ಬಿಡಲ್ಲ. ವಾರಕ್ಕೊಂದು ದಿನ ಸಾಕು" ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತೇ ಇಲ್ಲ. ಹುಬ್ಬು ಏರಿಸಿರಬೇಕು!

ಭಾನುವಾರ ಬರ್ತೀನಿ ಅಂದಿದ್ದಾನೆ. ದೂರದ ಬಾಡಿಗೆ ಸಿಗದಿದ್ದರೆ!