ಲಕ್ವಾ ಹೊಡೆದವರ ಮನದಾಗಿನ ಮಾತು ಕೇಳೋರು ಯಾರು?

ಲಕ್ವಾ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಹೋದರೆ ನಮ್ಮ ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ‘ಕೈ ಎತ್ತತಾರೇನ್ರಿ? ನಡೀತಾರೇನ್ರಿ?’ ಮಲಗಿದವರ ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಎಂದು ಕೇಳುವವರು ಕಡಿಮೆ. ಆ ಚಿಂತೆ ತಿಳಿಯದಿದ್ದರೆ ಕಸರತ್ತೂ ಮುಂದಕ್ಕೆ ಸಾಗುವುದಿಲ್ಲ. ಇದು ನಮ್ಮ ಮನೆಯಲ್ಲೇ ಕಂಡ ಸಂಗತಿ.

ನಮ್ಮ ಸೋದರಮಾವನದು ಅಡತ ಅಂಗಡಿ. ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯಲ್ಲಿ ಎಲ್ಲರದೂ ಮರಾಠಿ. ಸೊಲ್ಲಾಪುರ ಪೇಟೆಯಲ್ಲಿ ಮರಾಠಿಯಲ್ಲೇ ಸವಾಲು ಕೂಗುತ್ತಿದ್ದ ಮಾವ ಈಗ ಏನು ಕೇಳಿದರೂ ಸುಮ್ಮನೆ ತಲೆಯಾಡಿಸುತ್ತಿದ್ದರು. ಕಾಲಿಗೆ ಬಲ ಬರತೊಡಗಿತು. ಆದರೆ ಊಟ ಬಿಟ್ಟರು, ಕಸರತ್ತಿಗೆ ಮುಖ ತಿರುಗಿಸಿದರು. ‘ಮೊದಲಿಂದಲೂ ಹಠಮಾರಿ’ ಎಂದರು ಮನೆಯವರು. ಕಸರತ್ತು ಮಾಡಿಸಲು ಬರುತ್ತಿದ್ದ, ಕನ್ನಡ ಬಾರದ ಹೆಣ್ಣುಮಗಳೇ ನನಗೊಂದು ದಾರಿ ಹೇಳಿದರು: ನಿಮ್ಮ ಭಾಷೆಯಲ್ಲಿ ಒಂದೊಂದೇ ಕೇಳಿ, ಹೌದಾದರೆ ಎಡಗೈಯಿಂದ ನಿಮ್ಮ ಕೈ ಹಿಚುಕಲಿ.

‘ಮಾಮಾ, ಕೈ ನೋಯ್ತದೇನ್ರಿ?’ ಹಿಚುಕಲಿಲ್ಲ. ‘ನೀರು ಕುಡಿಲಿಕ್ಕ ಅಂಜಿಕಿ ಆಗ್ತದೇನ್ರಿ?’ ಹಿಚುಕಿದರು. ‘ರಾತ್ರಿ ಮೂತ್ರಕ್ಕ ಅತ್ತೀನ್ನ ಎಬ್ಬಿಸ್ಲಿಕ್ಕ ನಾಚಿಕೀನ್ರಿ?’ ಗಟ್ಟಿಯಾಗಿ ಹಿಚುಕಿದರು. ‘ಬ್ಯಾಂಕಿನ ಸಹಿದ ಚಿಂತೀನ್ರಿ?’ ಎಂದಾಗ ಕಣ್ಣಲ್ಲಿ ನೀರು ಬಂತು.

ಒಂದೊಂದಕ್ಕೂ ದಾರಿ ಇದೆ

ಲಕ್ವಾದಿಂದ ಗಂಟಲಿನ ನುಂಗುವ ಶಕ್ತಿಯೂ ಕುಂದಬಹುದು. ಆಗ ನೀರಿನಂಥ ತೆಳುವಾದ ಪದಾರ್ಥ ಸುಲಭವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಕುಡಿದಾಗ ಕೆಮ್ಮು ಬಂದರೆ, ಧ್ವನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಅವರು ಪರೀಕ್ಷಿಸಿ ನಮಗೆ ಹೇಳಿದ್ದು: ನೆಟ್ಟಗೆ ಕೂಡಿಸಿ, ಗಟ್ಟಿ ಅಂಬಲಿ, ಒಂದೊಂದೇ ಚಮಚ. ಮಲಗಿಸಿ ಬಾಯಿಗೆ ನೀರು ಹಾಕುವುದು ಅಪಾಯ.

ಮೂತ್ರದ ವಿಷಯಕ್ಕೆ ಹಗಲು ಎರಡು-ಮೂರು ತಾಸಿಗೊಮ್ಮೆ ನಾವೇ ಕೇಳುವ ರೂಢಿ ಮಾಡಿದೆವು. ರಾತ್ರಿಗೆ ಎಡಗೈಗೆ ಸಿಗುವಂತೆ ಬಾಟಲಿ ಇಟ್ಟೆವು. ಅಷ್ಟರಿಂದಲೇ ಮಾವನ ಅರ್ಧ ಸಂಕೋಚ ಹೋಯಿತು.

ಇನ್ನು ಸಹಿ. ಕಾಯಿಲೆಯಿಂದ ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಅದಕ್ಕೆ ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು. ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿಯಾಗಿರಬೇಕು. ಇದನ್ನು ಹೇಳಿದ ಮರುದಿನ ಮಾವ ತಾವಾಗಿಯೇ ಕಸರತ್ತಿಗೆ ಕೈ ಚಾಚಿದರು.

ಚಿಂತೆ ಬೇರೆ, ಖಿನ್ನತೆ ಬೇರೆ. ಲಕ್ವಾ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಸದಾ ಅಳು, ನಿದ್ದೆಗೇಡು, ಯಾವುದೂ ಬೇಡವೆನ್ನುವುದು ಕಂಡರೆ ‘ಧೈರ್ಯ ತಗೋರಿ’ ಎಂದು ಬಿಡಬೇಡಿ. ಅದಕ್ಕೆ ಔಷಧವಿದೆ, ವೈದ್ಯರಿಗೆ ಹೇಳಿ. ‘ಮತ್ತ ಹೊಡದ್ರ ಹ್ಯಾಂಗ?’ ಎಂಬ ಅಂಜಿಕೆಗೆ ಉತ್ತರ: ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ, ತಂಬಾಕು ಬಿಡಲಿ, ವೈದ್ಯರು ಹೇಳದೆ ಗುಳಿಗೆ ನಿಲ್ಲಿಸದಿರಲಿ.

ಎರಡು ಭಾಷೆಯ ಬಲ

ಗಡಿಯವರಿಗೆ ಒಂದು ಸಮಾಧಾನವೂ ಇದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 608 ಲಕ್ವಾ ರೋಗಿಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಶೇ. 40.5 ಮಂದಿಯ ಬುದ್ಧಿಶಕ್ತಿ ಸಹಜವಾಗಿತ್ತು. ಒಂದೇ ಭಾಷೆಯವರಲ್ಲಿ ಶೇ. 19.6 ಮಾತ್ರ. ಆದರೆ ಮಾತು ಕಳೆದುಕೊಳ್ಳುವುದರಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ಮಾತು ಮರಳುವಾಗ ಎರಡೂ ಭಾಷೆ ಒಂದೇ ಸಮ ಬರಬೇಕೆಂದೂ ಇಲ್ಲ. ಅದಕ್ಕೇ ಕನ್ನಡದಲ್ಲೂ ಕೇಳಿ, ಮರಾಠಿಯಲ್ಲೂ ಕೇಳಿ. ಯಾವುದಕ್ಕೆ ಕಣ್ಣು ಅರಳುತ್ತದೋ ಅದರಲ್ಲಿ ಮುಂದುವರಿಸಿ.

ಕೇಳುವಾಗ ಟಿ.ವಿ. ಬಂದ್ ಇರಲಿ. ಪ್ರಶ್ನೆ ಸಣ್ಣದಿರಲಿ, ಒಂದೇ ಇರಲಿ. ಉತ್ತರಕ್ಕೆ ಕಾಯಿರಿ, ಅವರ ಪರವಾಗಿ ನೀವೇ ಉತ್ತರ ಹೇಳಬೇಡಿ. ತಿಳಿದ ಚಿಂತೆಗಳನ್ನು ಚೀಟಿಯಲ್ಲಿ ಬರೆದು, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಗುಳಿಗೆ ಚೀಟಿಯ ಜೋಡಿ ಅದನ್ನೂ ವೈದ್ಯರ ಮುಂದೆ ಇಡಿ.