ಕೆಲಸ ಮುಗಿದಿದೆ, ದುಡ್ಡೆಲ್ಲಿ?

"ನಾಡಿದ್ದು ಖಂಡಿತ ಕೊಡ್ತೀನಿ." ನಮ್ಮಲ್ಲಿ ಸಣ್ಣ ಉದ್ಯಮಗಳನ್ನ ಮುಳುಗಿಸಿದ ಮಾತು ಯಾವುದು ಅಂತ ಕೇಳಿದ್ರೆ ನಾನು ಇದನ್ನೇ ಹೇಳ್ತೀನಿ. ಕೆಲಸ ಇಲ್ಲದೆ ಬಾಗಿಲು ಹಾಕಿದವರ ಬಗ್ಗೆ ನಾವು ಸುದ್ದಿ ಮಾಡ್ತೀವಿ. ಕೈತುಂಬಾ ಕೆಲಸ ಇದ್ದೂ, ಮಾಡಿದ ಕೆಲಸದ ದುಡ್ಡು ಬಾರದೆ ಬಾಗಿಲು ಹಾಕಿದವರು ಸುದ್ದಿಯಾಗೋದೇ ಇಲ್ಲ.

ಮಂಗಳೂರಿನ ಬೋಳಾರವನ್ನೇ ತಗೊಳ್ಳಿ. ಪಕ್ಕದ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನೇತ್ರಾವತಿಯ ಈ ದಡದಲ್ಲಿ ಒಂದರ ಹಿಂದೆ ಒಂದು ಹೆಂಚಿನ ಕಾರ್ಖಾನೆ ಎದ್ದವು. ಆ ವೈಭವ ಈಗಿಲ್ಲ. ಇವತ್ತು ಅಲ್ಲಿ ನಿಮಗೆ ಸಿಗೋದು ಎಸಿ ರಿಪೇರಿ, ವೆಲ್ಡಿಂಗ್, ವಯರಿಂಗ್, ಬೋಟ್ ಎಂಜಿನ್ ಕೆಲಸ, ಕ್ಯಾಟರಿಂಗ್ ಮಾಡಿಕೊಂಡು ಬದುಕುವವರು. ಎಸಿ ರಿಪೇರಿಯವರೊಬ್ಬರು ನನ್ನ ಹತ್ತಿರ ಹೇಳಿದ್ದು ಇಷ್ಟು: "ಎಂತ ಹೇಳುದು ಸರ್, ಕೆಲ್ಸ ಆಗುವವರೆಗೆ ಅವರು ದಿನಕ್ಕೆ ಹತ್ತು ಸಲ ಫೋನ್ ಮಾಡ್ತಾರೆ. ಬಿಲ್ ಕೊಟ್ಟ ಮೇಲೆ ನಾವು ಹತ್ತು ಸಲ ಮಾಡಿದ್ರೂ ಎತ್ತುದಿಲ್ಲ ಮಾರಾಯ್ರೆ." ಹಾಗಾದ್ರೆ ಗಟ್ಟಿಯಾಗಿ ಕೇಳಬಹುದಲ್ಲ ಅಂದೆ. "ಹೇಗೆ ಕೇಳುದು? ಪರಿಚಯದವರು."

ಇದೇ ದಾಕ್ಷಿಣ್ಯ. ದಾಕ್ಷಿಣ್ಯ ಒಳ್ಳೆಯ ಗುಣ, ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಬೆಲೆ ಎಷ್ಟು ಅಂತ ಯಾವತ್ತಾದ್ರೂ ಲೆಕ್ಕ ಹಾಕಿದ್ದೀರಾ?

ಲೆಕ್ಕ ಹಾಕೋಣ. 1 ಲಕ್ಷ ರೂಪಾಯಿ ಕೆಲಸ. ನೀವು ಜಿಎಸ್‌ಟಿ ನೋಂದಣಿ ಇರುವವರಾದರೆ ಶೇ. 18, ಅಂದ್ರೆ 18,000 ಸೇರಿ 1,18,000ಕ್ಕೆ ಬಿಲ್ ಕೊಡ್ತೀರಿ. ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ಕ್ಕೆ ಆ 18,000 ಕಟ್ಟಲೇಬೇಕು. ಗ್ರಾಹಕರು ದುಡ್ಡು ಕೊಟ್ಟರಾ ಅಂತ ಸರ್ಕಾರ ಕೇಳಲ್ಲ. ನಿಮ್ಮ ಜೇಬಿನಿಂದಲೇ ಹೋಗುತ್ತೆ. ಅತ್ತ ಆ ಗ್ರಾಹಕ ದೊಡ್ಡ ಸಂಸ್ಥೆಯಾಗಿದ್ದರೆ, ನಿಮಗೆ ಒಂದು ಪೈಸೆ ಕೊಡದೆಯೇ ಆ 18,000ವನ್ನ ಇನ್‌ಪುಟ್ ಕ್ರೆಡಿಟ್ ಅಂತ ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. 180 ದಿನದೊಳಗೆ ನಿಮಗೆ ದುಡ್ಡು ಕೊಡದಿದ್ದರೆ ಆ ಕ್ರೆಡಿಟ್ ವಾಪಸ್ ಮಾಡಬೇಕು ಅನ್ನೋ ನಿಯಮ ಇದೆ, ನಿಜ. ಆದ್ರೆ ಅಲ್ಲಿಯವರೆಗೆ? ಬಡ್ಡಿ ಇಲ್ಲದ ಸಾಲ ಕೊಟ್ಟವರು ನೀವು. ಸಣ್ಣವರು ದೊಡ್ಡವರಿಗೆ ಸಾಲ ಕೊಡುವ ವ್ಯವಸ್ಥೆ ಇದು.

ಹಾಗಾದ್ರೆ ಕಾನೂನು ಇಲ್ವಾ? ಇದೆ. 2006ರಿಂದಲೇ ಇದೆ. ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ಅದರ 15ನೇ ಸೆಕ್ಷನ್ ಸರಳವಾಗಿ ಹೇಳೋದು ಹೀಗೆ: ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. "ನಮ್ಮಲ್ಲಿ 90 ದಿನದ ಪದ್ಧತಿ" ಅಂತ ಯಾರಾದ್ರೂ ಹೇಳಿದರೆ, ಅದು ಅವರ ಪದ್ಧತಿ, ಕಾನೂನು ಅಲ್ಲ.

ತಡವಾದರೆ? ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳು ಸೇರಿಸಿ. 2024ರಲ್ಲಿ ಆ ದರ ಶೇ. 6.75 ಇತ್ತು. ಮೂರು ಪಟ್ಟು ಅಂದ್ರೆ ಆಗ ಶೇ. 20.25. ಆ ಲೆಕ್ಕದಲ್ಲಿ ನಮ್ಮ 1,18,000ಕ್ಕೆ ಆರು ತಿಂಗಳಲ್ಲಿ ಬಡ್ಡಿಯೇ 12,000 ದಾಟುತ್ತಿತ್ತು.

ಕೊಡದಿದ್ದರೆ ದೂರು ಎಲ್ಲಿ? ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ. ಅರ್ಜಿ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತೆ. ಮೊದಲು ರಾಜಿ ಸಂಧಾನ, ಆಗದಿದ್ದರೆ ಪಂಚಾಯ್ತಿ ತೀರ್ಪು. ಕಾಯ್ದೆ ಕೊಟ್ಟಿರೋ ಗಡುವು 90 ದಿನ. ನಮ್ಮ ವ್ಯವಸ್ಥೆ ನಿಮಗೆ ಗೊತ್ತಲ್ಲ, ಎಳೆಯುತ್ತೆ. ಆದ್ರೆ ಒಂದು ಬಲ ಇದೆ. ತೀರ್ಪನ್ನ ಪ್ರಶ್ನಿಸಿ ಕೋರ್ಟಿಗೆ ಹೋಗುವ ಗ್ರಾಹಕ ಮೊದಲು ಶೇ. 75ರಷ್ಟು ಹಣ ಠೇವಣಿ ಇಡಬೇಕು. ಗ್ರಾಹಕ ಅಂದ್ರೆ ಖಾಸಗಿಯವರೇ ಆಗಬೇಕಿಲ್ಲ, ಸರ್ಕಾರಿ ಇಲಾಖೆಯೂ ಆಗಬಹುದು.

2024ರ ಏಪ್ರಿಲ್ 1ರಿಂದ ಇನ್ನೊಂದು ಬಿಗಿ ಬಂದಿದೆ. ಬಂದಾಗ ಅದು ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಆಗಿತ್ತು. ಮೈಕ್ರೊ ಮತ್ತು ಸ್ಮಾಲ್ ಉದ್ಯಮಗಳಿಗೆ ಗಡುವಿನೊಳಗೆ ದುಡ್ಡು ಕೊಡದ ವ್ಯಾಪಾರಸ್ಥ, ಮಾರ್ಚ್ 31ಕ್ಕೂ ಬಾಕಿ ಉಳಿಸಿಕೊಂಡರೆ ಅದನ್ನ ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ. ಅವನ ಲಾಭ ಹೆಚ್ಚು ಕಾಣುತ್ತೆ, ತೆರಿಗೆ ಹೆಚ್ಚು ಬೀಳುತ್ತೆ. ನಿಮ್ಮ ಫೋನ್ ಎತ್ತದವನು ತನ್ನ ಆಡಿಟರ್ ಫೋನ್ ಎತ್ತಲೇಬೇಕು. ಅಲ್ವಾ?

ಆದ್ರೆ ಇಲ್ಲೊಂದು ಷರತ್ತು ಇದೆ. ಉದ್ಯಮ್ ನೋಂದಣಿ ಇರಬೇಕು. ಅದೂ ಕೆಲಸಕ್ಕೆ ಮೊದಲೇ ಇದ್ದರೆ ಕ್ಷೇಮ. ಕೆಲಸ ಮುಗಿದ ಮೇಲೆ ನೋಂದಣಿ ಮಾಡಿಸಿದರೆ ಹಳೇ ಬಿಲ್ಲಿಗೆ ಪ್ರಯೋಜನ ಇಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. ನೋಂದಣಿ ಪೂರ್ತಿ ಉಚಿತ. ಆಧಾರ್ ಇಟ್ಟುಕೊಂಡು ನೀವೇ ಆನ್‌ಲೈನ್‌ನಲ್ಲಿ ಮಾಡಬಹುದು, ಮಂಗಳೂರಿನವರಿಗೆ ಗೊತ್ತಾಗದಿದ್ದರೆ ಯೆಯ್ಯಾಡಿಯ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ. ಏಜೆಂಟರಿಗೆ ದುಡ್ಡು ಕೊಡಬೇಡಿ. ಇನ್ನೊಂದು ಮಾತು. ಬರೀ ತಂದು ಮಾರುವ ವ್ಯಾಪಾರಿಗಳಿಗೆ ಈ 45 ದಿನದ ರಕ್ಷಣೆ ಇಲ್ಲ. ರಸ್ತೆ, ಕಟ್ಟಡದಂಥ ಕಾಮಗಾರಿ ಗುತ್ತಿಗೆಗೆ ಇದು ಅನ್ವಯವಾಗುತ್ತಾ ಅನ್ನೋದರಲ್ಲಿ ಹೈಕೋರ್ಟ್‌ಗಳ ತೀರ್ಪುಗಳೇ ಒಂದೇ ರೀತಿ ಇಲ್ಲ. ಅಂಥವರು ವಕೀಲರನ್ನ ಕೇಳಿಯೇ ಮುಂದುವರಿಯಿರಿ.

ಕಾಗದ ಇಲ್ಲದ ಕೆಲಸ ಎಲ್ಲಿಗೆ ತಂದು ನಿಲ್ಲಿಸುತ್ತೆ ಅನ್ನೋದನ್ನ ಕರಾವಳಿ ಕಣ್ಣಾರೆ ಕಂಡಿದೆ. 2022ರ ಏಪ್ರಿಲ್‌ನಲ್ಲಿ ಉಡುಪಿಯ ಲಾಡ್ಜ್ ಒಂದರಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಶವವಾಗಿ ಸಿಕ್ಕರು. ಹಿಂಡಲಗಾ ಗ್ರಾಮದಲ್ಲಿ ಸುಮಾರು 4 ಕೋಟಿ ರೂಪಾಯಿ ಕೆಲಸ ಮಾಡಿದ್ದೇನೆ, ಬಿಲ್ ಆಗಿಲ್ಲ ಅನ್ನೋದು ಅವರ ದೂರಾಗಿತ್ತು. ಸಚಿವರು ರಾಜೀನಾಮೆ ಕೊಟ್ಟರು, ಆಮೇಲೆ ಪೊಲೀಸರು ಬಿ ರಿಪೋರ್ಟ್ ಹಾಕಿದರು. ರಾಜಕೀಯ ಆಚೆಗಿರಲಿ. ಇಲಾಖೆ ಕೊಟ್ಟ ಉತ್ತರ ನೆನಪಿಸಿಕೊಳ್ಳಿ: ಆ ಕೆಲಸಕ್ಕೆ ಕಾರ್ಯಾದೇಶವೇ ಇರಲಿಲ್ಲ. ಕೆಲಸ ಕಣ್ಣೆದುರು ಇದ್ದರೂ ಕಾಗದ ಇಲ್ಲದಿದ್ದರೆ ಹೇಳೋದು ಹೀಗೇ.

ಹಾಗಾಗಿ ನಾನು ಹೇಳೋದು, ದುಡ್ಡು ಕೇಳುವ ಕೆಲಸ ಬಿಲ್ ಕೊಟ್ಟ ಮೇಲೆ ಅಲ್ಲ, ಕೆಲಸ ಒಪ್ಪಿಕೊಳ್ಳುವಾಗಲೇ ಶುರುವಾಗಬೇಕು. ಏನು ಕೆಲಸ, ಎಷ್ಟು ದರ, ಯಾವ ದಿನ ಹಣ, ತಡವಾದರೆ ಬಡ್ಡಿ ಎಷ್ಟು, ಎಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ಅಡ್ವಾನ್ಸ್ ತಗೊಳ್ಳಿ. ದೊಡ್ಡ ಕೆಲಸ ಆದ್ರೆ ಹಂತ ಹಂತವಾಗಿ ಹಣ ಕೇಳಿ, ಒಂದು ಹಂತದ ದುಡ್ಡು ಬಾರದೆ ಮುಂದಿನ ಹಂತಕ್ಕೆ ಕೈ ಹಾಕಬೇಡಿ. ಬಿಲ್ ಅದೇ ದಿನ ಕೊಡಿ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಇರಲಿ. ಕೆಲಸ ಮುಗಿದ 15 ದಿನದೊಳಗೆ ಗ್ರಾಹಕ ಲಿಖಿತವಾಗಿ ತಕರಾರು ಮಾಡದಿದ್ದರೆ, ಕೆಲಸ ಒಪ್ಪಿಕೊಂಡ ಹಾಗೆಯೇ ಅಂತ ಕಾಯ್ದೆ ಹೇಳುತ್ತೆ. ಆರು ತಿಂಗಳ ಮೇಲೆ "ಕೆಲಸ ಸರಿ ಇಲ್ಲ" ಅನ್ನುವ ಆಟಕ್ಕೆ ಇದೇ ಉತ್ತರ. ಹಳೇ ಬಾಕಿ ಇದ್ದವರು ಇನ್ನೊಂದು ಲೆಕ್ಕ ನೆನಪಿಡಿ. ಸಿವಿಲ್ ಕೋರ್ಟಿನಲ್ಲಿ ಬಾಕಿ ವಸೂಲಿ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಮಾತ್ರ. ಅದರೊಳಗೆ "ಬಾಕಿ ಇದೆ" ಅಂತ ಬರೆಸಿ ಸಹಿ ತಗೊಂಡರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತೆ.

ಎಲ್ಲ ಗ್ರಾಹಕರೂ ಮೋಸಗಾರರಲ್ಲ, ಅದೂ ನಿಜ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಬೋಟ್ ದಡದಲ್ಲಿರುವಾಗ ಮಾಲೀಕರ ಕೈಯಲ್ಲೂ ದುಡ್ಡು ಓಡಾಡಲ್ಲ. ಎಂಜಿನ್ ರಿಪೇರಿ ಆಗೋದೂ ಆಗಲೇ. "ಬೋಟ್ ಇಳಿದ ಮೇಲೆ ಕೊಡ್ತೇನೆ" ಅನ್ನೋದು ಅಲ್ಲಿ ನೆಪ ಅಲ್ಲ, ಇರುವ ಸ್ಥಿತಿ. ಅಂಥವರ ಹತ್ತಿರ ಅರ್ಧ ಮೊದಲೇ ತಗೊಳ್ಳಿ, ಉಳಿದದ್ದಕ್ಕೆ ತಾರೀಕು ಬರೆಸಿಕೊಳ್ಳಿ. ಇಲ್ಲದವನು ತಾರೀಕು ಕೊಡ್ತಾನೆ. ಇದ್ದೂ ಕೊಡದವನು ನೆಪ ಕೊಡ್ತಾನೆ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ.

ಇನ್ನು ಬಿಲ್ ಬಾಕಿ ಇಟ್ಟಿರುವ ಗ್ರಾಹಕರಿಗೆ ಒಂದು ಮಾತು. ಇದನ್ನ ಓದುವವರಲ್ಲಿ ನೀವೂ ಇದ್ದೀರಿ. ನಿಮ್ಮ ಆಫೀಸಿನ ಎಸಿ ತಣ್ಣಗೆ ಓಡ್ತಾ ಇದೆ. ಅದನ್ನ ಸರಿ ಮಾಡಿದವನ ಹುಡುಗರಿಗೆ ಶನಿವಾರ ಸಂಬಳ ಆಗಬೇಕು. ಆ ಬಿಲ್ ನಿಮ್ಮ ಮೇಜಿನ ಮೇಲೇ ಇದೆ, ಇವತ್ತೇ ಸಹಿ ಹಾಕಿ.